ಗೋಲ್‌ಕೀಪರನ ಬಾಕಿ ಊಟ

ಪುತ್ತೂರು, ಸುಳ್ಯ, ಕಡಬ ಕಡೆಯ ಫುಟ್‌ಬಾಲ್ ಕ್ಲಬ್ಬುಗಳು ಆಡುವುದಕ್ಕಿಂತ ಜಗಳಾಡುವುದೇ ಹೆಚ್ಚು. ಆ ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ಪುತ್ತೂರಿನ ನನ್ನ ಜಗಲಿಯಲ್ಲಿ. ನಾನು ನಿವೃತ್ತ ಡ್ರಿಲ್ ಮಾಸ್ಟರ್. ತೀರ್ಪಿಗೆ ಸಂಬಳವಿಲ್ಲ, ಚಹಾದ ಖರ್ಚೂ ನನ್ನದೇ.

ನಮ್ಮಲ್ಲಿ ಆಟಗಾರ ಕ್ಲಬ್ ಬದಲಿಸಿದರೆ ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ವರ್ಗಾವಣೆ ಶುಲ್ಕ ಕೊಡಬೇಕು: ಒಂದು ಗೋಲ್ ನೆಟ್, ಇಡೀ ತಂಡಕ್ಕೆ ಕೋಳಿ ಊಟ. ಅದು ಸಂದಾಯವಾಗುವವರೆಗೆ ಆಟಗಾರ ಯಾವ ಕಡೆಗೂ ಆಡುವಂತಿಲ್ಲ. ಕಾಣಿಯೂರಿನ ಗೋಲ್‌ಕೀಪರ್ ಸಿಕ್ಕಿಬಿದ್ದದ್ದು ಇಲ್ಲೇ. ಪೆರಾಬೆಯ ಹುಡುಗಿಯನ್ನು ಮದುವೆಯಾಗಿ, ಮಾವನ ಮನೆಯಲ್ಲೇ ನೆಲೆಸಿ, ಅಲ್ಲಿನ ಕ್ಲಬ್ ಸೇರಿದ. ಕ್ಲಬ್ಬಿನ ಅಧ್ಯಕ್ಷರು ರಬ್ಬರ್ ತೋಟದ ಯಜಮಾನರಾದ ಅದೇ ಮಾವ. ಶುಲ್ಕ ಮಾತ್ರ ಬರಲಿಲ್ಲ, ಪಾಪ, ಹುಡುಗ ಆಟವಿಲ್ಲದೆ ಒಣಗಿದ.

ಮದುವೆಯ ಊಟ

ಮೊದಲ ವಿಚಾರಣೆಯಲ್ಲಿ ಮಾವನವರು ನಿರಾಳವಾಗಿ ಕಾಲು ಚಾಚಿ ಕುಳಿತರು.

"ಊಟ ಕೊಟ್ಟಾಗಿದೆ ಮಾರಾಯ್ರೆ. ಮದುವೆಗೆ ಇವರ ಇಡೀ ಟೀಮು ಬಂದಿತ್ತು. ಕೋಳಿಯೇ ಇದ್ದದ್ದು."

ಕಾಣಿಯೂರಿನ ಕ್ಯಾಪ್ಟನ್ ಎದ್ದು ನಿಂತ. "ಅದು ಮದುವೆ ಊಟ ಸರ್! ನಾವು ಉಡುಗೊರೆ ಕೊಟ್ಟು ತಿಂದದ್ದು."

"ಎಂತ ಉಡುಗೊರೆ?" ಎಂದೆ.

"ಗೋಡೆ ಗಡಿಯಾರ."

"ಆ ಗಡಿಯಾರ ನಡೆಯುದೇ ಇಲ್ಲ," ಎಂದರು ಮಾವ. "ಹಾಗಾಗಿ ಅದು ಉಡುಗೊರೆ ಲೆಕ್ಕಕ್ಕೆ ಬರುದಿಲ್ಲ. ಊಟ ಶುಲ್ಕದ ಲೆಕ್ಕಕ್ಕೇ."

ನನಗೆ ತಲೆ ಸುತ್ತಿತು. ಮದುವೆಯೂಟ ಬೇರೆ, ಶುಲ್ಕದೂಟ ಬೇರೆ ಎಂದು ತೀರ್ಪು ಕೊಟ್ಟೆ. ಹೊರಡುವಾಗ ಮಾವ ಕೇಳಿದರು: "ಹಾಗಾದರೆ ಗಡಿಯಾರ ವಾಪಸ್ ಕೊಡ್ಲಿಕ್ಕೆ ಉಂಟಾ?"

ನೆಟ್ಟು

ಮುಂದಿನ ವಾರ ಕಾಣಿಯೂರಿಗೆ ನೆಟ್ಟು ಹೋಯಿತು. ಅದರ ಹಿಂದೆಯೇ ಕ್ಯಾಪ್ಟನ್ ನನ್ನ ಜಗಲಿಗೆ ಬಂದ, ಮೂಗು ಮುಚ್ಚಿಕೊಂಡು. ಅದು ಮಾವನವರ ಮೀನಿನ ಕೆರೆಗೆ ಹಕ್ಕಿ ಇಳಿಯದಂತೆ ಹೊದಿಸಿದ್ದ ಬಲೆಯಂತೆ.

"ಗೋಲ್ ಹತ್ತಿರ ನಿಲ್ಲಲಿಕ್ಕೆ ಆಗುದಿಲ್ಲ ಸರ್. ಅಷ್ಟು ಮೀನಿನ ವಾಸನೆ!"

ಮಾವನನ್ನೂ ಕರೆಸಿದೆ. ಅವರು ಕ್ಯಾಪ್ಟನ್‌ಗೆ ಶಾಂತವಾಗಿ ಹೇಳಿದರು: "ಎದುರು ಟೀಮಿನ ಗೋಲಿಗೆ ಕಟ್ಟಿ. ನೀವು ಅಲ್ಲಿಯವರೆಗೆ ಹೋದದ್ದು ಯಾರೂ ಕಂಡದ್ದಿಲ್ಲ."

ಭಾನುವಾರ

ಬಲೆಯನ್ನೇ ತೊಳೆದು ಕಟ್ಟಿಕೊಳ್ಳಿ ಎಂದೆ, ಬಾಕಿ ಉಳಿದದ್ದು ಊಟವೊಂದೇ. ಇಷ್ಟೆಲ್ಲ ಆದರೂ ಹುಡುಗನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾನೇ ಅವನೊಬ್ಬನನ್ನೇ ಕರೆಸಿದೆ.

"ನಿನಗೆ ಯಾವ ಕ್ಲಬ್ಬು ಬೇಕು?"

"ಯಾವುದಾದರೂ ಸರಿ ಸರ್. ಭಾನುವಾರ ಆಡಲಿಕ್ಕೆ ಬಿಡಿ, ಸಾಕು. ಭಾನುವಾರ ತೋಟದ ರಬ್ಬರ್ ಟ್ಯಾಪಿಂಗಿನವನಿಗೆ ರಜೆ. ಮರ ಗೀರುದು, ರಬ್ಬರ್ ಹಾಲು ಹೊರುದು, ಶೀಟು ಒತ್ತುದು ಎಲ್ಲ ನಾನೇ. ಮೊನ್ನೆ ಮಾವ ಹೇಳಿದ್ರು, ಕೇಸು ಮುಗಿಯುವವರೆಗೆ ನೀನು ಖಾಲಿ ಅಲ್ವಾ ಅಂತ."

ಶುಲ್ಕ ಬಾಕಿ ಇದ್ದಷ್ಟು ದಿನ ಮಾವನಿಗೆ ಭಾನುವಾರದ ಬಿಟ್ಟಿ ಆಳು! ಆಗಲೇ ತೀರ್ಪು ಬರೆದೆ: ಕೋಳಿ ಊಟ ಸಂದಾಯವಾಗುವವರೆಗೆ ಭಾನುವಾರದ ಪಂದ್ಯಗಳಲ್ಲಿ ಪೆರಾಬೆಯ ಗೋಲು ಕಾಯಬೇಕಾದವರು ಸ್ವತಃ ಅಧ್ಯಕ್ಷರು.

ಸಂದಾಯ

ಮೊದಲ ಭಾನುವಾರವೇ ಕಾಣಿಯೂರಿನ ಜೊತೆ ಪಂದ್ಯ. ಮಾವನವರು ಬಲಕ್ಕೆ ಬಿದ್ದರೆ ಚೆಂಡು ಎಡಕ್ಕೆ. ಅವರು ಏಳುವುದರೊಳಗೆ ಇನ್ನೊಂದು ಗೋಲು. ಜನ್ಮದಲ್ಲಿ ಗೋಲು ಹೊಡೆಯದ ಕಾಣಿಯೂರಿನ ಡಿಫೆಂಡರ್‌ಗಳೆಲ್ಲ ಸಾಲಾಗಿ ಬಂದು ಹೊಡೆದುಹೋದರು. ಮೂರನೇ ಭಾನುವಾರ ಮಾವ ಸೊಂಟಕ್ಕೆ ಎಣ್ಣೆಬಟ್ಟೆ ಸುತ್ತಿಕೊಂಡು, ಪಂದ್ಯಕ್ಕೆ ಮುಂಚೆಯೇ ಮೈದಾನದ ಬದಿಯಲ್ಲಿ ಕಾಣಿಯೂರಿನವರಿಗೆ ಎಲೆ ಹಾಸಿಸಿ, ಕೋರಿ ರೊಟ್ಟಿಯ ಕೋಳಿ ಸಾರಿನ ಪಾತ್ರೆ ಇಳಿಸಿದರು. ನನಗೂ ಕರೆ ಬಂದಿತ್ತು. ಹೋಗಿ ನೋಡಿದರೆ ಎಲೆಯ ಮುಂದೆ ಒಬ್ಬನೂ ಇಲ್ಲ.

ಕ್ಯಾಪ್ಟನ್ ಕೈಕಟ್ಟಿ ನಿಂತಿದ್ದ. "ನಮಗೆ ಹಸಿವಿಲ್ಲ ಸರ್."

"ಇಷ್ಟು ದಿನ ಊಟ ಊಟ ಅಂತ ನನ್ನ ತಲೆ ತಿಂದದ್ದು ಯಾರು?"

"ಊಟಕ್ಕೆ ಎಂತ ಅವಸರ ಸರ್? ಈ ಸೀಸನ್ ಮುಗಿಯುವವರೆಗೆ ಇವರೇ ಗೋಲಿನಲ್ಲಿ ನಿಲ್ಲಲಿ."

ಮಾವ ನನ್ನ ಕೈ ಹಿಡಿದುಕೊಂಡರು. "ಬಾಕಿ ಕೊಟ್ಟರೂ ತೆಗೆದುಕೊಳ್ಳುದಿಲ್ಲ ಅಂದ್ರೆ ಇದು ಯಾವ ನ್ಯಾಯ ಮಾರಾಯ್ರೆ? ನೀವೇ ಒಂದು ತೀರ್ಪು ಕೊಡಿ!"

ನಾನು ಬಾಯಿ ತೆರೆಯುವ ಮೊದಲೇ ಗೋಲ್‌ಕೀಪರ್ ಬಂದು ಮೊದಲ ಎಲೆಯ ಮುಂದೆ ಚಕ್ಕಳಮಕ್ಕಳ ಕುಳಿತ. ಗ್ಲೌಸ್ ಬಿಚ್ಚಿ ಪಕ್ಕಕ್ಕಿಟ್ಟು ಹೇಳಿದ:

"ಬಡಿಸಿ ಮಾವ, ಊಟ ಸಂದಾಯ ಮಾಡಿಕೊಳ್ಳಲಿಕ್ಕೆ ನಾನಿದ್ದೇನೆ. ಶುಲ್ಕ ಬಾಕಿ ಇರುವವರೆಗೆ ನಾನೂ ಕಾಣಿಯೂರಿನ ಟೀಮಿನವನೇ."