ಕಾಣದ ಬೆಳಕು, ಕುಡಿಯುವ ಹರಳು

ಅತಿ... ಅತಿನೇರಳೆಯೋ, ನೇರಳಾತೀತವೋ? ಮಗಳು ಎಲ್ಕ್ ಗ್ರೋವ್ ವಿಲೇಜಿನ ಕಾರ್ಖಾನೆಯಲ್ಲಿ ಹುಟ್ಟಿಸುವ ಲೇಸರ್ ಬೆಳಕಿಗೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ. ನಾಲಿಗೆ ತುದಿಯಲ್ಲೇ ಇದೆ, ಬರುತ್ತಿಲ್ಲ. ಅದು ಕಣ್ಣಿಗೂ ಕಾಣುವುದಿಲ್ಲವಂತೆ. ಇಂಥ ಸರಕು ಮಾಡುವವರು ಮನೆಯಲ್ಲಿದ್ದರೆ ಅನುಮಾನಕ್ಕೆ ಬಿಡುವೇ ಇರುವುದಿಲ್ಲ.

೧. ಬಾಣಂತನ

ಮಗಳು ಊಟದ ನಡುವೆ ಎದ್ದುಹೋಗಿ ಫೋನಿನಲ್ಲಿ ಪಿಸುಗುಡುತ್ತಿದ್ದಳು. ಬೆಚ್ಚಗಿದೆಯಾ, ತೇವ ತಾಗಿಲ್ಲ ತಾನೆ ಎಂದು ವಿಚಾರಣೆ. ಯಾರಪ್ಪಾ ಇದು ಎಂದು ಹಿಡಿದು ಕೇಳಿದೆ. ಹರಳಂತೆ. ಲೇಸರ್ ಬೆಳಕು ಒಂದು ಹರಳು ದಾಟಿದರೆ ಹಸಿರಾಗುತ್ತದೆ, ಇನ್ನೊಂದು ದಾಟಿದರೆ ಕಣ್ಣಿಗೇ ಕಾಣದಂತಾಗುತ್ತದೆ. ಆ ಎರಡನೆಯದು ಗಾಳಿಯಲ್ಲಿನ ತೇವ ಕುಡಿದು ಮಂಕಾಗುವ ಜಾತಿ. ಅದಕ್ಕೇ ಸದಾ ಬಿಸಿ ಗೂಡಿನಲ್ಲಿಡಬೇಕು.

"ಅದು ಕೆಟ್ಟರೆ ಡೆಟ್ರಾಯಿಟ್ ಆರ್ಡರ್ ಹೋಯ್ತಮ್ಮ, ನನ್ನ ಕೆಲಸವೂ ಹೋಯ್ತು" ಎಂದಳು.

ನಾನು ಈ ದೇಶಕ್ಕೆ ಬಂದದ್ದೇ ಇವಳ ಬಾಣಂತನಕ್ಕೆ. ಆಗ ಕಿವಿಗೆ ಹತ್ತಿ ಇಟ್ಟುಕೋ ಎಂದರೆ ಕೇಳದವಳು ಈಗ ಕಲ್ಲಿಗೆ ಬಾಣಂತನ ಮಾಡುತ್ತಿದ್ದಳು.

೨. ಶನಿಕಾಟ

ಮಗಳದು ಹರಳಿನ ಕೆಲಸ ಎಂದು ಗ್ಲೆಂಡೇಲ್ ಹೈಟ್ಸಿನ ನನ್ನ ಗೆಳತಿಗೆ ಬಾಯಿತಪ್ಪಿ ಹೇಳಿದೆ. ಆಕೆ ಮರುದಿನವೇ ಬಂದು, ಬೆರಳು ಚಾಚಿ, ಶನಿಗೆ ಯಾವ ಹರಳು ಒಳ್ಳೆಯದು ಎಂದು ಕೇಳಿದರು. ತನ್ನದು ಉಂಗುರದ ಹರಳಲ್ಲ, ಡೆಟ್ರಾಯಿಟ್‌ನವರ ಮೆಷೀನಿಗೆ ಹಾಕುವಂಥದ್ದು ಎಂದು ಮಗಳು ಬಿಡಿಸಿ ಹೇಳಿದಳು. ಗೆಳತಿ ನಂಬಲಿಲ್ಲ. ಬಾಗಿಲ ಬಳಿ ನನ್ನ ಕಿವಿಗೆ ಬಗ್ಗಿ, "ಯಾಕ್ರೀ, ಡೆಟ್ರಾಯಿಟ್‌ನವರಿಗೆ ಮಾತ್ರ ಶನಿಕಾಟವಾ?" ಎಂದರು.

೩. ಕನ್ನಡಕ

ಡೆಟ್ರಾಯಿಟ್ ಹತ್ತಿರದ ಫ್ಯಾಕ್ಟರಿಯಲ್ಲಿ ಮೆಷೀನಿನ ಪರೀಕ್ಷೆ. ಅಲ್ಲಿಂದ ನೆಂಟರ ಮನೆಗೆ ಹೋಗುವುದಿದ್ದರಿಂದ ನಾನೂ ಮೊಮ್ಮಗಳೂ ಜೊತೆಗಿದ್ದೆವು. ಒಳಗೆ ಎಲ್ಲರಿಗೂ ಕಣ್ಣು ಕಾಯುವ ದಪ್ಪ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಳ್ಳಲು ನನ್ನ ಸ್ವಂತ ಕನ್ನಡಕ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ.

ಬೆಳಕು ಹಾಕಿದರು. ಏನೂ ಕಾಣಲಿಲ್ಲ. ಕಾಣದ ಬೆಳಕು ಬಿದ್ದರೆ ಹೊಳೆಯುವ ಬಿಳಿ ಕಾರ್ಡನ್ನು ಮಗಳು ಒಡ್ಡಿದಾಗ ಅದರ ಮೇಲೆ ತಿಳಿಹಸಿರು ಚುಕ್ಕೆ ಹೊಳೆಯಿತು. ಅಲ್ಲಿನ ಮುದುಕ ಎಂಜಿನಿಯರ್ ನನಗಿಂತ ಹೆಚ್ಚು ಅನುಮಾನದವರು. ಮೊದಲನೇ ಹರಳಿನ ಹಸಿರೇ ಸೋರಿ ಬಂದು ಕಾರ್ಡನ್ನು ಹೊಳೆಯಿಸುತ್ತಿರಬಹುದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದರು.

ಮಗಳು ಸುತ್ತ ನೋಡಿದಳು. ನನ್ನ ಕೈಯಲ್ಲಿದ್ದ ಕನ್ನಡಕ ಕಿತ್ತುಕೊಂಡು ಬೆಳಕಿಗೆ ಅಡ್ಡ ಹಿಡಿದಳು. ಮೈಸೂರಿನಲ್ಲಿ ಮಾಡಿಸಿದ ಅಪ್ಪಟ ಗಾಜು. ಚುಕ್ಕೆ ಮಾಯವಾಯಿತು. ತೆಗೆದಳು, ಬಂತು. ಹಸಿರಾಗಿದ್ದರೆ ಗಾಜು ದಾಟುತ್ತಿತ್ತು, ಈ ಬೆಳಕು ದಾಟುವುದಿಲ್ಲ ಎಂದು ವಿವರಿಸಿದಳು. ಮುದುಕರು ಎರಡು ಸಲ ತಾವೇ ಹಿಡಿದು ನೋಡಿ ಸಹಿ ಹಾಕಿದರು.

ಮಗಳು ಕನ್ನಡಕ ಒರೆಸಿ ಕೊಡುತ್ತಾ ನಕ್ಕಳು. "ಇದನ್ನ ದಾಟಿ ಏನೂ ಹೋಗಲ್ಲಮ್ಮ. ನಂಗೆ ಹೈಸ್ಕೂಲಲ್ಲೇ ಗೊತ್ತಾಗಿತ್ತು."

ಹೈಸ್ಕೂಲಿನಲ್ಲಿ ಏನು ದಾಟಿಸಲು ನೋಡಿದ್ದಳು? ನನಗೆ ತಿಳಿದಂತೆ ಏನೂ ಸಿಕ್ಕಿಬಿದ್ದಿರಲಿಲ್ಲ. ಮೊಮ್ಮಗಳನ್ನು ಪಕ್ಕಕ್ಕೆ ಕರೆದೆ.

"ಪುಟ್ಟಿ, ನಿಮ್ಮಮ್ಮ ಈಗ ಹೇಳಿದ್ದನ್ನ ಹಾಗ್ಹಾಗೇ ಬರ್ಕೋ. ಮನೆಗೆ ಹೋಗಿ ವಿಚಾರಿಸೋಣ."