ಎಡಗೈ ಸೆಲ್ಯೂಟಿನ ಜವಾನ

ಭಾರತದ ಜವಾನನಿಗೆ ಎಡಗೈಯಲ್ಲಿ ಸೆಲ್ಯೂಟ್ ಹೊಡೆಯಲು ಕಲಿಸಿದ ಮಹಾನುಭಾವರು ನನ್ನ ಸೋದರಮಾವ! ಹಾಗೆಂದು ಅವರು ಸೈನ್ಯದಲ್ಲಿದ್ದವರಲ್ಲ. ಪಟಾಕಿ ಸಿಡಿದರೂ ಕಿವಿ ಮುಚ್ಚಿಕೊಳ್ಳುವ ಜೀವ. ಅವರಿಗೆ ಗೊತ್ತಿದ್ದದ್ದು ಕಲ್ಲಚ್ಚು ಮಾತ್ರ. ಉಡುಪಿಯ ಅವರ ಪುಟ್ಟ ಪ್ರೆಸ್ಸಿನಲ್ಲಿ, ನುಣ್ಣಗೆ ಉಜ್ಜಿದ ಕಲ್ಲಿನ ಮೇಲೆ ಎಲ್ಲವನ್ನೂ ಎಡಬಲ ತಿರುಗಿಸಿ ಬರೆಯಬೇಕು. ಕಾಗದಕ್ಕೆ ಒತ್ತಿದಾಗ ನೇರವಾಗುತ್ತದೆ.

ಬಾಂಗ್ಲಾ ಯುದ್ಧದ ಸಮಯ. ಊರಿನ ಸಮಿತಿಯೊಂದು ಜವಾನರಿಗೆ ಕಂಬಳಿ ಸಂಗ್ರಹಿಸಲು ಹೊರಟಿತು. ಪೋಸ್ಟರ್ ಮಾವನದ್ದು, ಮಾದರಿ ಕಾಲೇಜು ಹುಡುಗನಾಗಿದ್ದ ನಾನು! ಬಲಗೈಯಲ್ಲಿ ಸೆಲ್ಯೂಟ್ ಹೊಡೆದು ಮಧ್ಯಾಹ್ನವಿಡೀ ನಿಂತೆ. ಕೈ ಇಳಿಸಿದರೆ, "ಗಡಿಯಲ್ಲಿ ಅವರು ನಿಲ್ಲುವುದಿಲ್ವಾ? ನಿನಗೆಂತ ದಾಡಿ?" ಎಂಬ ಗದರಿಕೆ. ಸೋದರಮಾವನೇ ಯಜಮಾನನಾದ ಅಳಿಯಸಂತಾನದ ಮನೆಯಲ್ಲಿ ಮಾವನಿಗೆ ಎದುರಾಡುವುದುಂಟೆ?

ಅಕ್ಷರಗಳನ್ನೆಲ್ಲ ತಪ್ಪದೆ ತಿರುಗಿಸಿದ ಮಾವ, ನನ್ನನ್ನು ಮಾತ್ರ ಕಂಡಂತೆಯೇ ಬರೆದರು. ಉಡುಪಿ, ಕಾಪು, ಕಾರ್ಕಳದ ಗೋಡೆಗಳಿಗೆಲ್ಲ ಅಂಟಿಸಿದ ಮೇಲೆ ನೋಡಿದರೆ, ಜವಾನ ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದಾನೆ!

ಕೊಡದವರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಕಡಿಯಾಳಿಯ ಜವಳಿ ವ್ಯಾಪಾರಿ, "ಎಡಗೈ ತೋರಿಸಿ ಕೇಳಿದರೆ ಯಾರು ಕೊಡ್ತಾರೆ ಮಾರಾಯ್ರೆ? ಅಪಶಕುನ!" ಎಂದು ಕಂಬಳಿಯ ಕಟ್ಟನ್ನು ಒಳಗೆ ಸರಿಸಿದ. ಕಾಪುವಿನ ಸಾಹುಕಾರರೊಬ್ಬರು ತೂತು ಬಿದ್ದ ಹೊದಿಕೆಯೊಂದನ್ನು ದಾನ ಮಾಡಿ, ಅದನ್ನು ಹಿಡಿದು ಫೋಟೊ ತೆಗೆಸಿಕೊಂಡರು. ತೂತಿಗೆ ಬೆರಳು ಅಡ್ಡ ಇಟ್ಟಿದ್ದರು, ಪುಣ್ಯಾತ್ಮರು!

ಮಾವ ಸೋಲುವ ಆಸಾಮಿಯೆ? "ಬಲಗೈ ಬಂದೂಕಿಗೆ ಬೇಕಲ್ವಾ?" ಎಂದು ಒಬ್ಬರಿಗೆ. "ನಿಮ್ಮ ಬಲಗೈಯಾದರೂ ಎಂತ ಕೊಟ್ಟಿತು?" ಎಂದು ಇನ್ನೊಬ್ಬರಿಗೆ.

ಯುದ್ಧ ಮುಗಿಯಿತು. ಗಾಯಾಳುಗಳಿಗಾಗಿ ಸಂಗ್ರಹ ಮುಂದುವರಿಯಿತು. ಸಮಿತಿಯವರು ಮಾತ್ರ ಪಟ್ಟು ಬಿಡಲಿಲ್ಲ: ಆ ಕಲ್ಲನ್ನು ಉಜ್ಜಿ ಅಳಿಸಿ, ಬೇರೆ ಜವಾನನನ್ನು ಬರೆಯಬೇಕಂತೆ. ಅದೇ ತನ್ನ ಜೀವಮಾನದ ಒಳ್ಳೆಯ ಚಿತ್ರವೆಂದು ನಂಬಿದ್ದ ಮಾವ, ಮುಖ ಊದಿಸಿಕೊಂಡು ಮರಳು, ನೀರು ತಂದು ಕಲ್ಲಿನ ಮುಂದೆ ಕುಳಿತರು.

ಆಗ ಬಾಗಿಲಲ್ಲಿ ಒಬ್ಬ ಯುವಕ ಬಂದು ನಿಂತ. ಕಾರ್ಕಳದವನು, ಯುದ್ಧದಿಂದ ಮರಳಿದವನು. ಅಂಗಿಯ ಬಲತೋಳು ಖಾಲಿಯಾಗಿ ಜೋಲುತ್ತಿತ್ತು.

"ಗೋಡೆಯಲ್ಲಿ ನೋಡಿದೆ. ಆ ಪೋಸ್ಟರ್ ಒಂದು ಉಂಟಾ?"

ಮಾವ ಮೊದಲ ಬಾರಿ ತಡವರಿಸಿದರು. "ಅದು ತಪ್ಪಾಗಿದೆ ಮಗಾ. ಎಡಗೈ..."

"ಅದಕ್ಕೇ ಕೇಳಿದ್ದು. ಪೋಸ್ಟರಿನವನು ಚಂದ ಹೊಡೀತಾನೆ. ನನಗೆ ಇನ್ನೂ ಸರಿ ಬರುವುದಿಲ್ಲ." ನಗುತ್ತಾ ಎಡಗೈಯನ್ನು ಹಣೆಗೆ ಏರಿಸಿದ. ಬೆರಳುಗಳು ಓರೆಯಾಗಿದ್ದವು.

ಊರಿಗೆಲ್ಲ ಉತ್ತರ ಕೊಟ್ಟ ಮಾವ, ಮರಳಿನ ಬಟ್ಟಲನ್ನು ಬದಿಗೆ ಸರಿಸಿ ಎದ್ದರು. ಹುಡುಗನ ಮೊಣಕೈಯನ್ನು ಮೆಲ್ಲಗೆ ಎತ್ತಿ, ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದರು.

"ಹೀಗೆ ಮಗಾ," ಎಂದರು.