ಎರಡು ಸಲ ಇಳಿಸಿದ ಅಂಕ

ನಮ್ಮ ಶಾಲೆಯಲ್ಲಿ ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಹಬ್ಬಿಸಿದವನು ನಾನೇ. ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಹಾಳೆಯನ್ನು ಎಳೆದು ತೆಗೆದು, "ಇದೆಲ್ಲ ಸೆಟ್ಟಿಂಗ್ಸ್ ಪ್ರಾಬ್ಲಮ್ಮು" ಎಂದು ಮುಖ ಬಿಗಿದುಕೊಂಡು ಹೇಳಿದ್ದೆ. ಅಷ್ಟು ಸಾಕಾಯಿತು. ಮಧುಗಿರಿ ತಾಲ್ಲೂಕಿನ ಒಂದು ಮೂಲೆಯ ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಹೇಳಿಕೊಟ್ಟಿದ್ದಕ್ಕೆ ಸಿಗದ ಮರ್ಯಾದೆ ಆ ಒಂದು ಹಾಳೆಯಿಂದ ಸಿಕ್ಕಿತು. ಬಾರದ ವಿದ್ಯೆಯಿಂದ ಬರುವ ಮರ್ಯಾದೆಗೆ ರುಚಿ ಜಾಸ್ತಿ. ನಾನು ಅದನ್ನು ಚಪ್ಪರಿಸಿಕೊಂಡು ತಿಂದೆ.

ಈ ವರ್ಷ ಆಡಳಿತ ಮಂಡಳಿಯವರು ಒಂದು ಸಾಫ್ಟ್‌ವೇರ್ ತಂದರು. ಹಾಜರಿ, ಅಂಕ, ವರದಿ ಎಲ್ಲ ಅದರಲ್ಲೇ. ಅಂಕ ಹಾಕಿ ಒಂದು ಗುಂಡಿ ಒತ್ತಿದರೆ ತಂದೆ ತಾಯಿಯ ಫೋನಿಗೆ ಮೆಸೇಜ್ ಹೋಗುತ್ತದೆ. ಕಲಿಸಿಕೊಡಲು ತುಮಕೂರಿನಿಂದ ಒಬ್ಬರು ಬಂದು ಒಂದೂವರೆ ಗಂಟೆ ಮಾತಾಡಿದರು. ನಾನು ಮುಂದಿನ ಕುರ್ಚಿಯಲ್ಲಿ ಕೂತು, ಅರ್ಥವಾದ ಕಡೆಯೂ ಆಗದ ಕಡೆಯೂ ಒಂದೇ ಸಮ ತಲೆ ಆಡಿಸಿದೆ. ನಡುವೆ ಬೋಂಡಾ ಬಂತು. ಅವರು ಅಂಕ ತುಂಬುವ ಕ್ರಮವನ್ನು ವಿವರಿಸಿದ್ದು ಬೋಂಡಾ ಹೊತ್ತಿನಲ್ಲೇ ಎಂದು ಈಗ ಅನಿಸುತ್ತದೆ.

ನಮ್ಮಲ್ಲಿ ಕಿರು ಪರೀಕ್ಷೆ ನಡೆಯುವುದು ಐವತ್ತು ಅಂಕಕ್ಕೆ. ಆಮೇಲೆ ಅದನ್ನು ಹತ್ತಕ್ಕೆ ಇಳಿಸುತ್ತೇವೆ. ನಲವತ್ತೈದು ತೆಗೆದವರಿಗೆ ಒಂಬತ್ತು, ಮೂವತ್ತು ತೆಗೆದವರಿಗೆ ಆರು. ಎಲ್ಲ ಮೇಷ್ಟ್ರುಗಳೂ ಪೆನ್ಸಿಲಿನಲ್ಲಿ ಭಾಗಿಸಿ, ಇಳಿಸಿದ ಅಂಕವನ್ನು ಮಾತ್ರ ರಿಜಿಸ್ಟರಿಗೆ ಬರೆಯುವುದು ಹಳೆಯ ಪದ್ಧತಿ. ಸಾಫ್ಟ್‌ವೇರು, ಒಟ್ಟು ಅಂಕ ಎಷ್ಟು ಎಂದು ಕೇಳಿತು. ಐವತ್ತು ಎಂದು ಹಾಕಿದೆ. ಎಷ್ಟಕ್ಕೆ ಇಳಿಸಬೇಕು ಎಂದಿತು, ಹತ್ತು ಎಂದೆ. ಅಲ್ಲಿಗೆ ಎಲ್ಲ ಸರಿ. ಆಮೇಲೆ ಆರು ವಿಷಯಗಳ ರಿಜಿಸ್ಟರುಗಳನ್ನು ಮುಂದಿಟ್ಟುಕೊಂಡು, ಆಗಲೇ ಇಳಿಸಿದ್ದ ಅಂಕಗಳನ್ನು ಶ್ರದ್ಧೆಯಿಂದ ಒಂದೊಂದಾಗಿ ತುಂಬಿದೆ. ಅದು ಪಾಪ, ಹೇಳಿದಂತೆ ಇನ್ನೊಂದು ಸಲ ಇಳಿಸಿತು. ಒಂಬತ್ತು ತೆಗೆದವರಿಗೆ ಎರಡು. ಆರು ತೆಗೆದವರಿಗೆ ಒಂದು. ಜಾಣರಿಗೂ ದಡ್ಡರಿಗೂ ನಡುವೆ ಒಂದೇ ಅಂಕದ ಅಂತರ; ನಮ್ಮ ಶಾಲೆಯಲ್ಲಿ ಅಂಥ ಸಮಾನತೆ ಹಿಂದೆಂದೂ ಇರಲಿಲ್ಲ. ನಾನು ಗುಂಡಿ ಒತ್ತಿ, ಕೈ ಒರೆಸಿಕೊಂಡು ಮನೆಗೆ ಹೋದೆ.

ತಪ್ಪು ಗೊತ್ತಾಗಿದ್ದು ಎರಡನೆಯ ದಿನ. ಅಂಕಪಟ್ಟಿಯ ಪ್ರಿಂಟ್ ತೆಗೆದರೆ ಒಂಬತ್ತರ ಜಾಗದಲ್ಲೆಲ್ಲ ಎರಡು ಇತ್ತು. ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, "ಯಾರಾದ್ರೂ ಫೋನ್ ಮಾಡಿದ್ರಾ?" ಎಂದರು. ಇಲ್ಲ ಎಂದೆ. "ಅಂಗಾದ್ರೆ ಯಾರೂ ಓದಿಲ್ಲ ಬುಡಿ. ಮುಂದಿನ ಸಲ ಸರಿಯಾಗಿ ಹಾಕಿ." ನನಗೂ ಅಷ್ಟೇ ಬೇಕಾಗಿತ್ತು. ರೀಚಾರ್ಜ್ ಮೆಸೇಜುಗಳ ನಡುವೆ ಇಸ್ಕೂಲಿನ ಮೆಸೇಜ್ ಯಾರು ನೋಡುತ್ತಾರೆ ಎಂದುಕೊಂಡೆ. ಕಂಪ್ಯೂಟರ್ ಬಲ್ಲವನೆಂಬ ಹೆಸರು ಉಳಿಯಿತಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಒಂಬತ್ತನೇ ತರಗತಿಯಲ್ಲಿ ನೇತ್ರಾವತಿ ಎಂಬ ಹುಡುಗಿ ಇದ್ದಾಳೆ. ಬೋರ್ಡಿನ ಮೇಲೆ ನಾನು ತಪ್ಪು ಬರೆದರೆ ಎದ್ದು ನಿಂತು ಹೇಳುವವಳು ಅವಳೊಬ್ಬಳೇ. ಮೆಸೇಜ್ ಹೋದ ಮೇಲೆ ಅವಳು ತರಗತಿಯಲ್ಲಿ ಕಾಣಲಿಲ್ಲ; ವಾರ ಕಳೆದರೂ ಬರಲಿಲ್ಲ. ಪಕ್ಕದಲ್ಲಿ ಕೂರುವ ಹುಡುಗಿಯನ್ನು ಕೇಳಿದೆ.

"ಅವ್ಳು ಬರಲ್ಲ ಸಾ. ಅವ್ರಪ್ಪ ಇಸ್ಕೂಲ್ ಬುಡ್ಸಿಬುಟ್ರು. ಹಿಂದೂಪುರದಾಗೆ ಅವ್ರತ್ತೆ ಮನೇಲವ್ಳೆ. ಸೀರೆಗೆ ಕುಚ್ಚು ಹಾಕ್ತಾಳಂತೆ."

"ಯಾಕಮ್ಮ?"

"ಮೆಸೇಜ್ ಬಂದಿತ್ತಲ್ಲ ಸಾ."

ಸಂಜೆಯೇ ಅವಳ ಉತ್ತರ ಪತ್ರಿಕೆ ಹಿಡಿದುಕೊಂಡು ಅವರ ಊರಿಗೆ ಹೋದೆ. ಅವಳ ತಂದೆ ಹನುಮಂತರಾಯಪ್ಪ ಗಾರೆ ಕೆಲಸದವರು. ಆಗಷ್ಟೇ ಬಂದು ಕಾಲಿಗೆ ಮೆತ್ತಿದ್ದ ಸಿಮೆಂಟ್ ತೊಳೆಯುತ್ತಿದ್ದರು. ಗಡಿಬಿಡಿಯಿಂದ ಕುರ್ಚಿ ಹಾಕಿದರು.

"ಹನುಮಂತರಾಯಪ್ಪ, ಆ ಮೆಸೇಜ್ ತಪ್ಪು. ತಪ್ಪು ಮಾಡಿದ್ದು ನಾನು. ನಿಮ್ಮ ಮಗಳು ಕ್ಲಾಸಿಗೇ ಮೊದಲು," ಎಂದೆ.

ಅವರು ನಕ್ಕರು. "ನೀವು ಲೆಕ್ಕದ ಮೇಷ್ಟ್ರು ಸಾ. ನೀವೆಂಗೆ ತಪ್ಪು ಮಾಡ್ತೀರ? ಮಗಿ ಮೇಲೆ ಕನಿಕರ ಬಂದು ಅಂಗಂತಿದೀರ."

ಪತ್ರಿಕೆ ತೆಗೆದು ತೋರಿಸಿದೆ. "ಇದು ನೀವು ಪೆನ್ನಲ್ಲಿ ಬರ್ದಿರೋದು," ಎಂದರು, "ಫೋನಿಗೆ ಬಂದಿರೋದು ಇಸ್ಕೂಲಿಂದ. ಮೊಬೈಲ್ ಅಂಗಡಿಯವ್ನ ಕೈಲಿ ಎರಡು ಸಲ ಓದಿಸ್ದೆ ಸಾ. ಆರಕ್ಕಾರೂ ಎರಡೆರಡೇ. ನಾನೇನು ಹೊಡೀಲಿಲ್ಲ, ಬಯ್ಲಿಲ್ಲ. ಪೇಪರಲ್ಲಿ ನಲವತ್ತೈದು ಇತ್ತು ಅಂತಾನೇ ಅಂದ್ಲು. ಆಮೇಲೆ ಮೆಸೇಜ್ ನೋಡಿ ಸುಮ್ಕಾದ್ಲು. ನಾನೇನೋ ತಪ್ಪು ಮಾಡಿರ್ಬೇಕಪ್ಪ, ಅದ್ಕೇ ಅಂಕ ಕಳೆದವ್ರೆ ಅಂದ್ಲು."

ನನ್ನ ತಪ್ಪನ್ನು ಹುಡುಗಿ ತಾನೇ ಹೊತ್ತುಕೊಂಡು ಹಿಂದೂಪುರಕ್ಕೆ ಹೋಗಿದ್ದಳು. ಇಪ್ಪತ್ತಾರು ವರ್ಷ ನಾನು ಗಳಿಸಿದ್ದ ನಂಬಿಕೆ ಆ ಅಂಗಳದಲ್ಲಿ ನನಗೇ ಅಡ್ಡ ನಿಂತಿತು. ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು, ಪತ್ರಿಕೆ ಮಡಚಿಕೊಂಡು ಹೊರಟೆ.

ಮಾರನೆಯ ದಿನ ತಿದ್ದಲು ಕೂತರೆ ಸಾಫ್ಟ್‌ವೇರು ಬಿಡಲಿಲ್ಲ. ಒಮ್ಮೆ ಕಳಿಸಿದ ಅಂಕ ಬೀಗ ಹಾಕಿದಂತೆ. ತುಮಕೂರಿಗೆ ಫೋನ್ ಮಾಡಿದರೆ, ತಪ್ಪು ಯಾರದೆಂದು ಬರೆದು, ಹೆಡ್‌ಮಾಸ್ಟರ ಸಹಿ, ಸೀಲು ಹಾಕಿದ ಪತ್ರ ಕಳಿಸಿ ಎಂದರು. ಪತ್ರ ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ಮೊದಲ ದಿನ "ತಾಂತ್ರಿಕ ದೋಷದಿಂದ" ಎಂದು ಬರೆದು ಹರಿದೆ. ಎರಡನೆಯ ದಿನ "ಸಿಬ್ಬಂದಿಯ ಕಣ್ತಪ್ಪಿನಿಂದ" ಎಂದು ಬರೆದೆ. ನಮ್ಮ ಸಿಬ್ಬಂದಿ ಏಳು ಜನ, ಆರು ಜನರದ್ದು ಏನೂ ತಪ್ಪಿಲ್ಲ. ಕೊನೆಗೆ ನನ್ನ ಹೆಸರು ಬರೆದೆ. ಹೆಡ್‌ಮಾಸ್ಟರು ಸಹಿ ಹಾಕಿ, "ಯಾಕ್ ಬೇಕಿತ್ತು ಸಾರ್ ಇದೆಲ್ಲ?" ಎಂದರು. ಸರಿಯಾದ ಮೆಸೇಜ್ ಹೋಗುವ ಹೊತ್ತಿಗೆ ಇನ್ನೂ ಒಂದು ವಾರ ಕಳೆದಿತ್ತು.

ಅದು ತಲುಪಿದ ಮಾರನೆಯ ದಿನವೇ ಹನುಮಂತರಾಯಪ್ಪ ಹಿಂದೂಪುರದ ಬಸ್ಸು ಹತ್ತಿ ಮಗಳನ್ನು ಕರೆತಂದರು. "ಈಗ ಒಂಬತ್ತು ಬಂದೈತೆ ಸಾ," ಎಂದು ಫೋನನ್ನು ನನಗೇ ತೋರಿಸಿದರು, ನನಗೆ ಗೊತ್ತಿಲ್ಲವೇನೋ ಎಂಬಂತೆ. ನೇತ್ರಾವತಿ ಹಿಂದಿನ ಬೆಂಚಿನಲ್ಲಿ ಹೋಗಿ ಕೂತಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಆ ದಿನ ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಬರೆದು ಕಾದೆ. ಅವಳು ಅದನ್ನು ಹಾಗೆಯೇ ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

ಅವಳಿಲ್ಲದಾಗ ಎರಡನೆಯ ಕಿರು ಪರೀಕ್ಷೆ ನಡೆದುಹೋಗಿತ್ತು. ಅವಳೊಬ್ಬಳಿಗೇ ಬೇರೆ ಪ್ರಶ್ನೆಪತ್ರಿಕೆ ಬರೆದು ಸ್ಟಾಫ್ ರೂಮಿನಲ್ಲಿ ಕೂರಿಸಿದೆ. ನಲವತ್ತು ಬಂತು. ಕೂಡಿದ್ದನ್ನು ಎರಡು ಸಲ ಕೂಡಿ ನೋಡಿ ಪತ್ರಿಕೆ ಅವಳ ಕೈಗೆ ಕೊಟ್ಟೆ. ಅವಳು ಅಂಕವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ಸಾ, ಇಳಿಸೋದು ಎಲ್ಲ ಮುಗೀತಾ, ಇನ್ನೂ ಐತಾ?"

"ಒಂದೇ ಸಲ ಇಳಿಸೋದು ಕಣಮ್ಮ. ಹತ್ತಕ್ಕೆ ಎಂಟು. ನಾನೇ ಹೇಳ್ತಿದೀನಲ್ಲ."

"ಮೆಸೇಜ್ ಬರ್ಲಿ ಬುಡಿ ಸಾ," ಎಂದು ಪತ್ರಿಕೆ ಮಡಚಿಟ್ಟುಕೊಂಡು ಹೋದಳು.

ಆ ಮೆಸೇಜ್ ಕಳಿಸಬೇಕಾದವನು ನಾನೇ. ಶಾಲೆಯಲ್ಲಿ ಕಂಪ್ಯೂಟರ್ ಬಲ್ಲವನು ಈಗಲೂ ನಾನೊಬ್ಬನೇ.